ಬೋರ್ಡ್ ಹೋಗೈತಿ ಅನ್ನೋದಕ್ಕಿಂತ ಮೊದಲು

ಯಲಬುರ್ಗಾದ ಒಂದು ಆನ್‌ಲೈನ್ ಸೆಂಟರ್. ಪಹಣಿ, ಜಾತಿ-ಆದಾಯದ ಅರ್ಜಿ, ಬೆಳೆವಿಮೆ, ಪಾಸ್‌ಪೋರ್ಟ್ ಅಳತೆಯ ಫೋಟೊ ಎಲ್ಲವೂ ಒಂದೇ ಕಂಪ್ಯೂಟರಿನ ಮೇಲೆ ನಡೆಯುತ್ತವೆ. ಹಿಂಗಾರಿ ಬಿತ್ತನೆಯ ದಿನಗಳು. ಮಾತನಾಡುವವರು ಇಬ್ಬರು: ಅಂಗಡಿ ನಡೆಸುವ ತಂಗಿ ಮತ್ತು ರಿಪೇರಿಗೆಂದು ಕೊಪ್ಪಳದಿಂದ ಬಂದ ಅಣ್ಣ.

ತಂಗಿ: ನೋಡ್ರಿ ಅಣ್ಣಾರ, ಬಟನ್ ಒತ್ತಿದ್ರ ಫ್ಯಾನ್ ತಿರಗತೈತಿ, ಲೈಟ್ ಹತ್ತತೈತಿ, ಡಿಸ್‌ಪ್ಲೇ ಮಾತ್ರ ಬರವಲ್ದು. ಪ್ರೊಸೆಸರ್ ಹಾಕಾಕ ಬಂದ ಹುಡುಗ ‘ಬೋರ್ಡ್ ಹೋಗೈತಿ, ಹೊಸಾದು ತರಸ್ರಿ’ ಅಂತ ಹೇಳಿ ಹೋದ.

ಅಣ್ಣ: ಬೋರ್ಡ್ ಹೋಗೈತಿ ಅನ್ನಾಕ ಅಂವ ಏನು ನೋಡಿದ?

ತಂಗಿ: ಡಿಸ್‌ಪ್ಲೇ ಬರಲಿಲ್ಲಲ್ರಿ, ಅದನ್ನ ನೋಡಿದ.

ಅಣ್ಣ: ಅಷ್ಟು ನೀನೂ ನೋಡೀದಿ. ಅದು ರೋಗದ ಗುರುತು ಆತು, ರೋಗ ಆಗಲಿಲ್ಲ. ಮೊದಲು ಇದನ್ನ ಹೇಳು: ಪ್ರೊಸೆಸರ್ ಬದಲಿ ಮಾಡೋ ತನಕ ಮಷೀನು ನಡೀತಿತ್ತೇನು?

ತಂಗಿ: ನಡೀತಿತ್ರಿ. ನಿಧಾನ ಇತ್ತು, ಆದ್ರ ಒಂದು ದಿನ ಕೈ ಕೊಟ್ಟಿದ್ದಿಲ್ಲ.

ಅಣ್ಣ: ಬದಲಿ ಆಗಿದ್ದು ಏನೇನು?

ತಂಗಿ: ಪ್ರೊಸೆಸರ್ ಒಂದ. ಮೊದಲು ರೈಜನ್ 3 2200ಜಿ ಇತ್ತು, 2018ರಾಗ ಕೂಡಿಸಿದ್ದು. ಈಗ ರೈಜನ್ 5 5600, ಸೆಕೆಂಡ್ ಹ್ಯಾಂಡ್ ತಗೊಂಡೀನಿ. ಬೋರ್ಡ್ ಅದ, ಎ320. ಸಾಕೆಟ್ ಒಂದ ಐತಿ, ಕಣ್ಣು ಮುಚ್ಚಿ ತಗೋರಿ ಅಂದ್ರು.

ಅಣ್ಣ: ಬದಲಿ ಆದ ಸಾಮಾನು ಒಂದು ಖರೇ. ಆದ್ರ ಮುಟ್ಟಿದ ಸಾಮಾನು ಎಷ್ಟು? ಫ್ಯಾನ್ ಬಿಚ್ಯಾರ, ಪೇಸ್ಟ್ ಒರಸ್ಯಾರ, ಕೈಗೆ ಅಡ್ಡ ಬಂತಂತ ರ್‍ಯಾಮ್ ತೆಗೆದಿರಬೇಕು, ವೈರ್ ಎಳೆದಿರಬೇಕು. ತಪ್ಪು ಇದ್ರ ಬದಲಿ ಮಾಡಿದ್ದರಾಗ ಇರತೈತಿ, ಇಲ್ಲಂದ್ರ ಮುಟ್ಟಿದ್ದರಾಗ ಇರತೈತಿ. ಯಾರೂ ಮುಟ್ಟದ ಸಾಮಾನಿನ ಮ್ಯಾಲೆ ಅನುಮಾನ ಕಡೀಕ ಬರಬೇಕು. ಇರಲಿ, ನಡಿಯೋ ಮಷೀನಿಗೆ ಪ್ರೊಸೆಸರ್ ಯಾಕ ಬೇಕಾತು?

ತಂಗಿ: ವಿಂಡೋಸ್ 10 ಬಂದ್ ಆತಲ್ರಿ. 2025ರ ಅಕ್ಟೋಬರ್ 14ಕ್ಕ ಮುಗೀತು ಅಂತ ಪರದೆ ಮ್ಯಾಲೆ ಬರಾಕತ್ತಿತ್ತು. 11 ಹಾಕೋಣಂದ್ರ ‘ನಿಮ್ಮ ಪ್ರೊಸೆಸರ್ ನಡಿಯಂಗಿಲ್ಲ’ ಅಂತು. ಮಂದಿ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ಇದರಾಗ ಸ್ಕ್ಯಾನ್ ಮಾಡತೀನಿ. ಸುರಕ್ಷತೆ ಇಲ್ಲದ ಮಷೀನಿನ್ಯಾಗ ಮಾಡೋದು ಹೆಂಗ?

ಅಣ್ಣ: ವಿಚಾರ ಚೊಲೊ ಐತಿ. ಮೈಕ್ರೋಸಾಫ್ಟ್‌ನವರ ಪಟ್ಟಿಯಾಗ 2200ಜಿ ಇಲ್ಲ, 5600 ಐತಿ. ಆದ್ರ ಆ ಪಟ್ಟಿ ವಿಂಡೋಸಿಂದು. ಬೋರ್ಡಿಗೆ ಅದರದ ಒಂದು ಪಟ್ಟಿ ಇರತೈತಿ. ಅದನ್ನ ಯಾರೂ ನೋಡಿಲ್ಲ ಅಂತ ಕಾಣತೈತಿ.

ತಂಗಿ: ಪ್ರೊಸೆಸರಿಗೆ ಕರೆಂಟ್ ಬರಾಕತ್ತೈತಿ, ಫ್ಯಾನ್ ಜೋರ್ ತಿರಗತೈತಿ. ಅದು ನಡದಂಗ ಅಲ್ಲೇನ್ರಿ?

ಅಣ್ಣ: ಎಲ್ಲಾರೂ ಮೋಸ ಹೋಗೋದು ಅಲ್ಲೇ. ಬಟನ್ ಒತ್ತಿದ ಕೂಡ್ಲೇ ಕರೆಂಟ್ ಹಂಚೋ ಡಬ್ಬಿ ಎಸ್‌ಎಂಪಿಎಸ್ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಬಿಡತೈತಿ. ಫ್ಯಾನಿಗೆ ಆ 12 ವೋಲ್ಟ್ ಸಿಕ್ರ ಸಾಕು, ತಿರಗತೈತಿ. ಪ್ರೊಸೆಸರ್ ಎದ್ದೈತೋ ಮಲಗೈತೋ ಫ್ಯಾನಿಗೆ ಸಂಬಂಧ ಇಲ್ಲ. ಜೋರ್ ತಿರಗಾಕತ್ತೈತಿ ಅಂದ್ರ ಇನ್ನೂ ಅನುಮಾನ ಪಡಬೇಕು. ಅದರ ವೇಗ ತಗ್ಗಸೋದು ಬಯೋಸ್, ಅಂದ್ರ ಬೋರ್ಡನ್ನ ಎಬ್ಬಸೋ ತಂತ್ರಾಂಶ. ಬಯೋಸ್ ಕೆಲಸಕ್ಕ ಬಂದಿಲ್ಲಂದ್ರ ಫ್ಯಾನ್ ಪೂರಾ ವೇಗದಾಗ ಓಡಬಹುದು.

ತಂಗಿ: ಹಂಗಾದ್ರ ಒಳಗ ನಡಿಯೋದು ಏನು?

ಅಣ್ಣ: ಒಂದರ ಹಿಂದ ಒಂದು ಮೆಟ್ಲು ಅದಾವ. ಕರೆಂಟ್ ಸರಿ ಐತಿ ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಸನ್ನಿ ಮಾಡತೈತಿ. ರೈಜನ್ ಒಳಗ ಒಂದು ಸಣ್ಣ ಭದ್ರತಾ ಪ್ರೊಸೆಸರ್ ಬೇರೆನ ಐತಿ, ಮೊದಲು ಏಳೋದು ಅದು. ಅದು ಬೋರ್ಡಿನ ಮ್ಯಾಲಿನ ಬಯೋಸ್ ಚಿಪ್ಪು ಓದತೈತಿ. ಆ ಚಿಪ್ಪಿನ್ಯಾಗ ಈ ಪ್ರೊಸೆಸರನ್ನ ಎಬ್ಬಸೋ ವಿಧಾನ ಬರೆದಿದ್ರ ರ್‍ಯಾಮ್ ಹದಕ್ಕ ತರತೈತಿ, ಆಮೇಲೆ ದೊಡ್ಡ ಕೋರ್‌ಗಳು ಏಳತಾವ, ಆಮೇಲೆ ಗ್ರಾಫಿಕ್ಸ್, ಆಮೇಲೆ ಪರದೆ. ನೀನು ಕಾಯೋ ಡಿಸ್‌ಪ್ಲೇ ಈ ಸಾಲಿನ್ಯಾಗ ಹೆಚ್ಚೂಕಡಿಮಿ ಕಡೀದು. ಅದಕ್ಕಿಂತ ಮೊದಲು ಎಲ್ಲಿ ನಿಂತರೂ ನಿನಗ ಕಾಣೋದು ಒಂದ, ಕರೀ ಪರದೆ.

ತಂಗಿ: ‘ಈ ಪ್ರೊಸೆಸರ್ ನನಗ ಗೊತ್ತಿಲ್ಲ’ ಅಂತ ಒಂದು ಸಾಲು ಬರೆದ್ರ ಏನಾಗತಿತ್ತು?

ಅಣ್ಣ: ಎಲ್ಲಿ ಬರೀಬೇಕು? ಪರದೆ ಎದ್ದೇಳಾಕ ಮೊದಲು ಪ್ರೊಸೆಸರ್ ಏಳಬೇಕು. ಅದಕ್ಕ ಕೆಲವು ಬೋರ್ಡಿನ್ಯಾಗ ನಾಕು ಸಣ್ಣ ಲೈಟ್ ಇಟ್ಟಿರತಾರ: ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್, ಡಿಸ್ಕ್. ಯಾವ ಲೈಟ್ ಹತ್ತಿ ನಿಂತಿತೋ ಅಲ್ಲಿ ಸಿಕ್ಕೊಂಡೈತಿ ಅಂತ ಅರ್ಥ. ನಿನ್ನ ಬೋರ್ಡ್ ಅಗ್ಗದ್ದು, ಲೈಟಿಲ್ಲ. ಬೀಪ್ ಸ್ಪೀಕರ್ ಇದ್ರೂ ಕೇಳಿ ತಿಳಕೋಬಹುದಿತ್ತು, ಅದನ್ನೂ ಹಾಕಿಲ್ಲ. ಹಂಗಾಗಿ ಬಿಚ್ಚಿ ನೋಡಬೇಕು. ಮೊದಲು ಪ್ಲಗ್ ತೆಗಿ, ಆಮೇಲೆ ಪವರ್ ಬಟನ್ ಒಂದ್ಸಲ ಒತ್ತಿ ಬಿಡು, ಉಳಿದ ಕರೆಂಟ್ ಇಳಿದು ಹೋಗಲಿ.

ತಂಗಿ: ತೆಗೆದೆ. ಈ ಮೂಲ್ಯಾಗಿನ ವೈರ್ ಯಾವುದ್ರಿ?

ಅಣ್ಣ: ಪ್ರೊಸೆಸರಿನ ಕರೆಂಟ್ ಅದು. 24 ಪಿನ್ನಿನ ದೊಡ್ಡದು ಬೋರ್ಡಿಗೆ, ಈ 4 ಇಲ್ಲಾ 8 ಪಿನ್ನಿಂದು ಪ್ರೊಸೆಸರಿಗೆ. ಇದು ಸಡಿಲಾದ್ರೂ ಫ್ಯಾನ್ ತಿರಗತೈತಿ, ಡಿಸ್‌ಪ್ಲೇ ಬರಂಗಿಲ್ಲ. ಇಲ್ಲಿ ಗಟ್ಟಿ ಕೂತೈತಿ. ಈಗ ಹಳೇ ಪ್ರೊಸೆಸರ್ ಕೊಡು.

ತಂಗಿ: ಹಳೇದ? ಹೊಸಾದು ನಡಸಾಕ ನಿಮ್ಮನ್ನ ಕರದಿದ್ದು.

ಅಣ್ಣ: ಹಳೇದು ಹಾಕಿದಾಗ ಡಿಸ್‌ಪ್ಲೇ ಬಂತಂದ್ರ ಬೋರ್ಡ್, ಎಸ್‌ಎಂಪಿಎಸ್, ರ್‍ಯಾಮ್, ಮಾನಿಟರ್, ಕೇಬಲ್ ಐದೂ ಒಂದ ಪೆಟ್ಟಿಗೆ ಪಾರಾದವು. ಇದಕ್ಕಿಂತ ಸೋವಿ ಪರೀಕ್ಷೆ ಇಲ್ಲ. ಬೋರ್ಡ್ ಹೋಗೈತಿ ಅಂದ ಹುಡುಗ ಇದೊಂದು ಮಾಡಿದ್ರ ಸಾಕಿತ್ತು. ಅಲ್ಲಾ, ಇದನ್ನ ತೆಗೆದದ್ದು ಹೆಂಗ? ಪಿನ್ ನೋಡು ಬೆಳಕಿಗೆ ಹಿಡಿದು.

ತಂಗಿ: ಫ್ಯಾನ್ ಎಳೆದ ಕೂಡ್ಲೇ ಅದಕ್ಕ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬಂತ್ರಿ. ಅಯ್ಯ, ಈ ಮೂಲ್ಯಾಗ ಎರಡು ಪಿನ್ ವಾಲ್ಯಾವ.

ಅಣ್ಣ: ನಿನ್ನ ಸಾಕೆಟ್ ಎಎಂ4, ಅದರ ಪ್ರೊಸೆಸರಿನ ಹೊಟ್ಟಿಯಾಗ 1331 ಪಿನ್ ಅದಾವ. ವರ್ಷಗಟ್ಟಲೆ ಒಣಗಿದ ಪೇಸ್ಟ್ ಅಂಟಿನಂಗ ಆಗಿರತೈತಿ. ನೆಟ್ಟಗ ಮ್ಯಾಲೆ ಎಳೆದ್ರ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕಿತ್ತು ಬರತೈತಿ. ಬಿಚ್ಚೋದಕ್ಕಿಂತ ಮೊದಲು ಮಷೀನು ತಟಗ ನಡಸಿ ಬೆಚ್ಚಗ ಮಾಡಿ, ಬಂದ್ ಮಾಡಿ, ಫ್ಯಾನನ್ನ ಎಡಕ್ಕ-ಬಲಕ್ಕ ಮೆಲ್ಲಗ ಹೊರಳಿಸಿ ಆಮೇಲೆ ಎತ್ತಬೇಕು. ಸೀಸದ ಕಡ್ಡಿ ಹಾಕೋ ಪೆನ್ಸಿಲ್ ಐತೇನು? ಕಡ್ಡಿ ತೆಗೆದು ಅದರ ತೂತಿನ ತುದಿ ಕೊಡು. ಪಿನ್ನಿನ ಮ್ಯಾಲೆ ಇಟ್ಟು ಕೂದಲಷ್ಟು ಕೂದಲಷ್ಟು ಎತ್ತಬೇಕು. ಅವಸರ ಮಾಡಿದ್ರ ಮುರೀತಾವ.

ತಂಗಿ: ನಿಂತವು ನೋಡ್ರಿ.

ಅಣ್ಣ: ಈಗ 5600 ತೆಗೆದಿಟ್ಟು, ಹಳೇದರ ಮೂಲಿಯಾಗಿನ ಬಂಗಾರ ಬಣ್ಣದ ತ್ರಿಕೋಣ ಸಾಕೆಟ್ಟಿನ ತ್ರಿಕೋಣಕ್ಕ ಹೊಂದಿಸು. ಲಿವರ್ ಎತ್ತಿ ಸುಮ್ಮ ಬಿಡು, ತಾನ ಇಳೀಬೇಕು, ಒತ್ತಬ್ಯಾಡ. ಪೇಸ್ಟ್ ನಡುವ ಒಂದು ಕಡಲಿಯಷ್ಟು. ಫ್ಯಾನಿನ ವೈರ್ ಪ್ರೊಸೆಸರ್ ಫ್ಯಾನ್ ಅಂತ ಬರೆದಲ್ಲೇ ಹಾಕು. ರ್‍ಯಾಮ್ ಒಂದ ಇಡು, ಅದರ ಬಂಗಾರದ ಅಂಚಿಗೆ ರಬ್ಬರ್ ಹಚ್ಚಿ ಒರಸು. ನಮ್ಮ ಕಡೆ ಎರಿ ಮಣ್ಣಿನ ಧೂಳು ಎಲ್ಲಿ ಸಂದಿ ಸಿಕ್ಕರ ಅಲ್ಲಿ ಹೊಗತೈತಿ. ನಾಣ್ಯದಂಥ ಬ್ಯಾಟರಿನೂ ಸ್ವಲ್ಪ ಹೊತ್ತು ತೆಗೆದಿಡು, ಬಯೋಸಿನ ಹಳೇ ಸೆಟ್ಟಿಂಗ್ ಅಳಿಸಲಿ.

ತಂಗಿ: ಒತ್ತಲೇನು?

ಅಣ್ಣ: ಒತ್ತು. ಗಡಿಬಿಡಿ ಮಾಡಿ ಬಂದ್ ಮಾಡಬ್ಯಾಡ, ಮೊದಲ ಸಲ ರ್‍ಯಾಮ್ ಹೊಂದಿಸಾಕ ಹೊತ್ತು ತಗೋತೈತಿ.

ತಂಗಿ: ಬಂತ್ರಿ! ಡಿಸ್‌ಪ್ಲೇ ಬಂತು!

ಅಣ್ಣ: ಹಂಗಾದ್ರ ಬೋರ್ಡ್ ಬದಕೈತಿ. ಈಗ ಡಿಲೀಟ್ ಒತ್ತಿ ಬಯೋಸ್ ಒಳಗ ಹೋಗು. ಮ್ಯಾಲೆ ಒಂದು ಆವೃತ್ತಿ, ಒಂದು ತಾರೀಖು ಇರತೈತಿ. ಏನೈತಿ?

ತಂಗಿ: 2018.

ಅಣ್ಣ: 5600 ಮಾರುಕಟ್ಟಿಗೆ ಬಂದಿದ್ದು 2022ರ ಏಪ್ರಿಲ್‌ನಾಗ. 2018ರ ಬಯೋಸಿಗೆ ಅದು ಗೊತ್ತಾಗೋದು ಹೆಂಗ?

ತಂಗಿ: ತಿಳೀತ್ರಿ. ಪಡಿತರ ಅಂಗಡಿ ಮುಂದ ಸರತಿಯಾಗ ನಿಂತರೂ ಪಟ್ಟಿಯಾಗ ಹೆಸರಿಲ್ಲಂದ್ರ ಅಕ್ಕಿ ಇಲ್ಲ. ಸಾಕೆಟ್ಟಿನ್ಯಾಗ ಕೂತರೂ ಬಯೋಸಿನ್ಯಾಗ ಹೆಸರಿಲ್ಲ.

ಅಣ್ಣ: ಬರೋಬರಿ. ಇದು ಹೊಸಾ ಗೋಳೂ ಅಲ್ಲ. ಎಎಂ4 ಸಾಕೆಟ್ಟಿಗೆ ಮೊದಲ ರೈಜನ್ ಬಂದಿದ್ದು 2017ರಾಗ. 2018ರ ಫೆಬ್ರುವರಿಯಾಗ ನಿನ್ನ ಈ 2200ಜಿನ ಹೊಸಾದಾಗಿ ಬಂತು. ಆವಾಗ ಅಂಗಡಿಯೊಳಗ ಇದ್ದ ಭಾಳಷ್ಟು ಬೋರ್ಡುಗಳಿಗೆ ಇದರ ಗುರುತು ಇದ್ದಿದ್ದಿಲ್ಲ. ತಗೊಂಡ ಭಾಳ ಮಂದಿ ಕರೀ ಪರದೆ ನೋಡಿಕೋತ ಕೂತರು. ಕಡೀಕ ರೈಜನ್ ಮಾಡೋ ಎಎಂಡಿ ಕಂಪನಿಯವರು ಎ6-9500 ಅನ್ನೋ ಹಳೇ ಪ್ರೊಸೆಸರ್ ಕಡಾ ಕೊಡಾಕತ್ತರು. ಅದನ್ನ ಹಾಕಿ ಬಯೋಸ್ ಹೊಸಾದು ಮಾಡಿಕೊಂಡು ಹೊಳ್ಳಿ ಕೊಡಬೇಕಿತ್ತು.

ತಂಗಿ: ಅಂದು ಇದ ಹೊರಗಿಂದು, ಇಂದು ಇದ ಮನಿದು ಆತು!

ಅಣ್ಣ: ಹೂಂ. ನಿನ್ನ ಬೋರ್ಡಿನಂಥ 300 ಸರಣಿಗೆ 5000ದ ಪ್ರೊಸೆಸರ್ ನಡಸಾಕ ಎಎಂಡಿ ಹೂಂ ಅಂದಿದ್ದು 2022ರಾಗ. ಅದಕ್ಕಿಂತ ಮೊದಲು 5000ದ್ದು ತಗೊಂಡವರಿಗೆ ಎಎಂಡಿ ಒಪ್ಪಿದ ದಾರಿ ಇದ್ದಿದ್ದಿಲ್ಲ. ಇಂಟೆಲ್ ಕಡೆ ಇನ್ನೂ ಮೋಸ. 1151 ಸಾಕೆಟ್ಟಿನ್ಯಾಗ 7ನೇ ಪೀಳಿಗೆ ಕೂಡತೈತಿ, 8ನೇದೂ ಕೂಡತೈತಿ. ಆದ್ರ 8ನೇದಕ್ಕ ಇಂಟೆಲ್‌ನ 300 ಸರಣಿ ಬೋರ್ಡನ ಬೇಕು. 100, 200 ಸರಣಿಯಾಗ ಕಂಪನಿಯವರು ಬಯೋಸ್ ಕೊಡಂಗನ ಇಲ್ಲ, ಕರೆಂಟಿನ ಪಿನ್ ಹಂಚಿಕಿನ ಬೇರೆ. ಎಚ್410 ಬೋರ್ಡಿಗೆ 10ನೇ ಪೀಳಿಗೆ ನಡಿತೈತಿ, ಅದ ಸಾಕೆಟ್ಟಿನ 11ನೇದು ನಡಿಯಂಗಿಲ್ಲ.

ತಂಗಿ: ಹಂಗಾದ್ರ ನನ್ನ ದೈವ ಚೊಲೊ. ಬಯೋಸ್ ಹೊಸಾದು ಮಾಡ್ರಿ, 5600 ಹಾಕ್ರಿ, ಕೆಲಸ ಶುರು ಮಾಡತೀನಿ.

ಅಣ್ಣ: ಹಾಕಿದ್ರೂ ನಿನಗ ಡಿಸ್‌ಪ್ಲೇ ಬರಂಗಿಲ್ಲ.

ತಂಗಿ: ಇದೇನ್ರಿ ಮತ್ತ!

ಅಣ್ಣ: ಮಾನಿಟರ್ ಕೇಬಲ್ ಎಲ್ಲಿ ಹಾಕೀದಿ?

ತಂಗಿ: ಹಿಂದ, ಬೋರ್ಡಿಗೆ.

ಅಣ್ಣ: ಬೋರ್ಡಿನ ಎಚ್‌ಡಿಎಂಐ ಬರೇ ಬಾಗಿಲು. ಚಿತ್ರ ಮಾಡೋ ಸಾಮಾನು ಪ್ರೊಸೆಸರಿನ ಒಳಗಿರತೈತಿ. 2200ಜಿಗೆ ಕಡೀಕ ಇರೋ ಜಿ ಅಂದ್ರ ಒಳಗ ಗ್ರಾಫಿಕ್ಸ್ ಐತಿ ಅಂತ. 5600ಕ್ಕ ಜಿ ಇಲ್ಲ, ಒಳಗ ಗ್ರಾಫಿಕ್ಸೂ ಇಲ್ಲ. ಅದಕ್ಕ ಬೇರೆ ಕಾರ್ಡ್ ಬೇಕು. 5600ಜಿ ಅನ್ನೋದು ಬೇರೆ ಪ್ರೊಸೆಸರ್, ಅದರಾಗ ಐತಿ. ಇಂಟೆಲ್‌ನಾಗ ಉಲ್ಟಾ, ಕಡೀಕ ಎಫ್ ಇದ್ರ ಗ್ರಾಫಿಕ್ಸ್ ಇಲ್ಲ ಅಂತ ತಿಳಕೋಬೇಕು. ಒಂದು ಅಕ್ಷರ ಬಿಟ್ಟು ಓದಿದ್ರ ಒಂದು ಕಾರ್ಡಿನ ರೊಕ್ಕ ಕೈ ಬಿಡತೈತಿ.

ತಂಗಿ: ಅಂದ್ರ ಒಂದ ಕರೀ ಪರದೆಗೆ ಎರಡು ಕಾರಣ.

ಅಣ್ಣ: ಎರಡೂ ಬೇರೆ ಬೇರೆ ಮೆಟ್ಲು. ಬಯೋಸ್ ಸರಿ ಮಾಡಿದ್ರ ಮಷೀನು ಏಳತೈತಿ, ವಿಂಡೋಸ್ ತನಕನೂ ಹೋಗಬಹುದು, ಚಿತ್ರ ಮಾತ್ರ ಇರಂಗಿಲ್ಲ. ಆವಾಗ ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡಬೇಕು. ಅದರ ಲೈಟ್ ಹತ್ತಿ-ಆರಿ ಮಾಡಿದ್ರ ಮಷೀನು ಬದಕೈತಿ, ಪರದೆಗೆ ದಾರಿ ಇಲ್ಲ ಅಷ್ಟ. ಲೈಟ್ ಅಲ್ಲಾಡಲಿಲ್ಲಂದ್ರ ಅದಕ್ಕಿಂತ ಹಿಂದಿನ ಮೆಟ್ಲಿನ್ಯಾಗ ನಿಂತೈತಿ. ಸಾಮಾನಿಲ್ಲದ, ಸ್ಕ್ರೂ ಬಿಚ್ಚದ ಪರೀಕ್ಷೆ ಇದು. ಒಂದು ಕಾರಣ ಸಿಕ್ಕ ಕೂಡ್ಲೇ ಹುಡುಕಾಟ ನಿಲ್ಲಸಿದವರು ಎರಡನೇದರಾಗ ಬೀಳತಾರ. ಬಯೋಸ್ ಮಾಡಿದ್ರೂ ಬರಲಿಲ್ಲ, ಹಂಗಾದ್ರ ಬೋರ್ಡ ಹೋಗೈತಿ ಅಂತ ಹೊಳ್ಳಿ ಅಲ್ಲಿಗೇ ಬರತಾರ.

ತಂಗಿ: ನನ್ನ ಹತ್ರ ಒಂದು ಹಳೇ ಕಾರ್ಡ್ ಬಿದ್ದೈತ್ರಿ, ಮೊದಲಿನ ಮಷೀನಿಂದು. ಅದನ್ನ ಹಾಕಿದ್ರ?

ಅಣ್ಣ: ಪರೀಕ್ಷೆಗೆ ಆದೀತು. ಆದ್ರ ಭಾಳ ಹಳೇ ಕಾರ್ಡಿಗೆ ಈಗಿನ ಯುಇಎಫ್‌ಐ ಪದ್ಧತಿ ತಿಳಿಯಂಗಿಲ್ಲ. ಬಯೋಸಿನ್ಯಾಗ ಸಿಎಸ್‌ಎಂ ಅನ್ನೋ ಹಳೇ ಪದ್ಧತಿ ಹಚ್ಚಬೇಕಾಗತೈತಿ. ವಿಂಡೋಸ್ 11ಕ್ಕ ಯುಇಎಫ್‌ಐ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಅಲ್ಲಿ ಜಗಳ ಹತ್ತತೈತಿ.

ತಂಗಿ: ಬಯೋಸ್ ಹೊಸಾದು ಮಾಡೋದು ಭಾಳ ಅಪಾಯ ಅಂತಾರಲ್ರಿ.

ಅಣ್ಣ: ನಡುವ ಕರೆಂಟ್ ಹೋದ್ರ ಅಪಾಯ. ಬರೆಯೋ ಕೆಲಸ ಅರ್ಧಕ್ಕ ನಿಂತ್ರ ಬೋರ್ಡ್ ಖರೇನ ಮಲಗತೈತಿ. ಹಂಗಾಗಿ ಯುಪಿಎಸ್ ಬ್ಯಾಟರಿ ಚೊಲೊ ಇದ್ರ ಮಾತ್ರ ಮಾಡೋದು. ಫೈಲ್ ಬೋರ್ಡ್ ಕಂಪನಿ ಜಾಗದಿಂದನ ಇಳಿಸಬೇಕು. ಬೋರ್ಡಿನ ಮ್ಯಾಲೆ ಮಾಡೆಲ್ ಜತಿ ಪರಿಷ್ಕರಣೆ ಸಂಖ್ಯೆ ಇರತೈತಿ, ಅದೂ ಕೂಡಬೇಕು. ಪೆನ್‌ಡ್ರೈವ್ ಎಫ್‌ಎಟಿ32 ಮಾಡಿ ಹಾಕಿ, ವಿಂಡೋಸ್ ಒಳಗಿಂದ ಅಲ್ಲ, ಬಯೋಸಿನ ಒಳಗಿಂದನ ಬರೀಬೇಕು. 2018ರಿಂದ ಒಮ್ಮೆಲೇ ಇಂದಿನದಕ್ಕ ಜಿಗಿಯಾಕ ಕೆಲವು ಬೋರ್ಡ್ ಬಿಡಂಗಿಲ್ಲ, ನಡುವಿನ ಒಂದು ಆವೃತ್ತಿ ಮೊದಲು ಹಾಕಬೇಕು. ಅದನ್ನ ಕಂಪನಿಯವರು ಸಣ್ಣ ಅಕ್ಷರದಾಗ ಬರೆದಿರತಾರ.

ತಂಗಿ: ಬರೆದ ಮ್ಯಾಲೆ ಹಳೇ ಪ್ರೊಸೆಸರ್ ನಡಿತೈತಲ್ಲ?

ಅಣ್ಣ: ಕೇಳಬೇಕಾದ್ದು ಕೇಳಿದಿ. ಈ ಬೋರ್ಡುಗಳ ಬಯೋಸ್ ಚಿಪ್ಪು ಬಹಳಷ್ಟು ಕಡೆ 16 ಎಂಬಿದು. ಹೊಸಾ ಹೆಸರು ಬರೀಬೇಕಂದ್ರ ಜಾಗ ಸಾಲದ ಕೆಲವು ಬೋರ್ಡಿನ್ಯಾಗ ಹಳೇ ಹೆಸರು ಅಳಿಸ್ಯಾರ. ಹಂಗಾಗಿ ಪಟ್ಟಿಯಾಗ 2200ಜಿ ಉಳಿದೈತೇನು ಅಂತ ನೋಡಿನ ಮುಂದ ಹೋಗಬೇಕು. ಇಲ್ಲಂದ್ರ ಹೊಳ್ಳಿ ಬರಾಕ ದಾರಿ ಇರಂಗಿಲ್ಲ.

ತಂಗಿ: ಆಮೇಲೆ ವಿಂಡೋಸಿನ್ಯಾಗ ಏನರ ತಕರಾರು?

ಅಣ್ಣ: ಪ್ರೊಸೆಸರ್ ಬದಲಿ ಆದ ಮ್ಯಾಲೆ ಮೊದಲ ಸಲ ಒಂದು ಸಂದೇಶ ಬರಬಹುದು: ಹೊಸಾ ಪ್ರೊಸೆಸರ್ ಬಂದೈತಿ, ಅದರೊಳಗಿನ ಟಿಪಿಎಂ ಅಂದ್ರ ಎಫ್‌ಟಿಪಿಎಂ ಹೊಸದಾಗಿ ಮಾಡಲೋ ಬ್ಯಾಡೋ, ವೈ ಒತ್ತು ಇಲ್ಲಾ ಎನ್ ಒತ್ತು ಅಂತ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದು, ಅದರ ರಿಕವರಿ ಕೀ ನಿನ್ನ ಹತ್ರ ಇಲ್ಲದ ವೈ ಒತ್ತಿದ್ರ ಫೈಲು ಒಳಗ ಉಳೀತಾವ, ನೀನು ಹೊರಗ ಉಳೀತಿ. ಅದಕ್ಕ ಮೊದಲು ಎಲ್ಲಾ ಫೈಲು ಬೇರೆ ಡಿಸ್ಕಿಗೆ ಹಾಕು, ಬೀಗ ಐತೇನು ನೋಡು, ಆಮೇಲೆ ಸ್ಕ್ರೂ ಡ್ರೈವರ್ ಹಿಡಿ.

ತಂಗಿ: ಅಣ್ಣಾರ, ಖರೇ ಹೇಳ್ರಿ. ನನ್ನ ಕೆಲಸಕ್ಕ ಈ ಪ್ರೊಸೆಸರ್ ಬೇಕಾಗಿತ್ತೇನು?

ಅಣ್ಣ: ವೇಗಕ್ಕಾಗಿ ಅಂದ್ರ ಬ್ಯಾಡಾಗಿತ್ತು. ಪೋರ್ಟಲ್ ತೆಗಿಯೋದು, ಪ್ರಿಂಟ್ ಕೊಡೋದು, ಫೋಟೊ ಕತ್ತರಿಸೋದು ಇವಕ್ಕ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 16 ಜಿಬಿ ಮಾಡಿದ್ರ ಕಣ್ಣಿಗೆ ಕಾಣೋ ಬದಲಾವಣಿ ಬರತೈತಿ. ವಿಂಡೋಸಿಗಾಗಿ ಅಂದ್ರ ಬೇಕಾಗಿತ್ತು, ಆದ್ರ ಇಷ್ಟು ಅವಸರ ಇದ್ದಿದ್ದಿಲ್ಲ. ವಿಂಡೋಸ್ 10ಕ್ಕ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರ ತನಕ ಸುರಕ್ಷತಾ ಅಪ್‌ಡೇಟ್ ಕೊಡತಾರ.

ತಂಗಿ: ಅದನ್ನ ನಮಗ ಹೇಳೋರು ಯಾರ್ರಿ? ಬೋರ್ಡಿನ ಪಟ್ಟಿ ಇಂಗ್ಲಿಷ್‌ನಾಗ, ಎಚ್ಚರಿಕಿ ಸಣ್ಣ ಅಕ್ಷರದಾಗ. ಮಾರೋರಿಗೆ ಮಾರಿದ್ರ ಮುಗೀತು. ಹಾಕಾಕ ಬಂದವರಿಗೆ ಇನ್ನೊಂದು ಬೋರ್ಡ್ ಮಾರಿದ್ರ ಲಾಭ.

ಅಣ್ಣ: ಆ ಹುಡುಗಂದು ಪೂರಾ ತಪ್ಪು ಅನ್ನಬ್ಯಾಡ. ನಮ್ಮ ಕಸುಬಿನ್ಯಾಗ ಸಾಮಾನು ಮಾರಿದ್ರ ರೊಕ್ಕ ಹುಟ್ಟತಾವ, ನೋಡಿ ಹೇಳಿದ್ದಕ್ಕ ಹುಟ್ಟಂಗಿಲ್ಲ. ಅರ್ಧ ದಿನ ಕೂತು ಹುಡುಕಿ ‘ವೈರ್ ಸಡಿಲ ಇತ್ತು’ ಅಂದ್ರ ಮಂದಿ ನಕ್ಕು ಚಾ ಕುಡಿಸಿ ಕಳಸತಾರ. ಅದ ಅರ್ಧ ದಿನದಾಗ ಎರಡು ಬೋರ್ಡ್ ಬದಲಿ ಮಾಡಿದ್ರ ಮನಿ ನಡಿತೈತಿ. ಹುಡುಕೋದಕ್ಕ ಬೆಲಿ ಇಲ್ಲದಲ್ಲಿ ‘ಹೋಗೈತಿ’ ಅನ್ನೋದು ಸೋವಿ ಉತ್ತರ.

ತಂಗಿ: ನನ್ನದೂ ಅದ ಹಣೆಬರಹ. ಪಹಣಿ ಪ್ರಿಂಟಿಗೆ ರೊಕ್ಕ ಕೊಡತಾರ. ಆಧಾರ್‌ದಾಗ ಒಂದು ಹೆಸರು, ಪಹಣಿಯಾಗ ಒಂದು ಹೆಸರು ಐತಿ, ಹಿಂಗ ಬಿಟ್ರ ವಿಮೆ ರೊಕ್ಕ ಬರೋವಾಗ ಸಿಕ್ಕೊಳತೈತಿ ಅಂತ ಹುಡುಕಿ ಹೇಳಿದ್ರ ಅದಕ್ಕ ಏನೂ ಇಲ್ಲ. ‘ನೀವು ಮೊದಲು ಅರ್ಜಿ ಹಾಕ್ರಿ’ ಅಂತಾರ.

ಅಣ್ಣ: ಆದ್ರೂ ನೀನು ಹೇಳತಿ.

ತಂಗಿ: ಹೇಳಬೇಕಾಗತೈತಿ. ಹೇಳದ ಹಾಕಿದ್ರ ಅಡಚಣಿ ಅವರಿಗೆ, ಬೈಗುಳ ನನಗ. ಇರಲಿ, ಈಗ ನನ್ನ ಮುಂದ ಎರಡು ದಾರಿ ಅದಾವ. 5600 ಇಟ್ಕೊಂಡು ಹೊಸಾ ನಮೂನಿ ಸಣ್ಣ ಕಾರ್ಡ್ ತಗೋಬೇಕು, ಇಲ್ಲಾ 5600 ಹೊಳ್ಳಿ ಕೊಟ್ಟು 5600ಜಿ ತಗೋಬೇಕು.

ಅಣ್ಣ: ನೀನು ಏನು ಮಾಡತಿ?

ತಂಗಿ: 5600ಜಿ. ನಾನೇನು ಗೇಮ್ ಆಡಂಗಿಲ್ಲ, ಕಾರ್ಡಿಗೆ ಮತ್ತೊಂದು ಫ್ಯಾನು, ಮತ್ತೊಂದು ಧೂಳಿನ ಮನಿ ಯಾಕ? ಆದ್ರ ತಗೊಳ್ಳೋದಕ್ಕಿಂತ ಮೊದಲು ಮೂರು ನೋಡತೀನಿ. ನನ್ನ ಬೋರ್ಡಿನ ಪಟ್ಟಿಯಾಗ ಅದರ ಹೆಸರು ಐತೋ ಇಲ್ಲೋ. ಅದರ ಎದುರಿಗೆ ಯಾವ ಬಯೋಸ್ ಆವೃತ್ತಿ ಬರೆದಾರ, ಆ ಆವೃತ್ತಿಯಾಗ 2200ಜಿ ಉಳಿದೈತೋ ಇಲ್ಲೋ. ಮಾರೋರು ಪಿನ್ ಎಲ್ಲಾ ಕಾಣೋ ಹಂಗ ಫೋಟೊ ಕಳಸತಾರೋ ಇಲ್ಲೋ.

ಅಣ್ಣ: ಕರೆಂಟಿನ ಲೆಕ್ಕ?

ತಂಗಿ: ಅದನ್ನೂ ನೋಡತೀನಿ.

ಅಣ್ಣ: ನೋಡಬೇಕು, ಆದ್ರ ಇಲ್ಲಿ ಭಯ ಇಲ್ಲ. 2200ಜಿನೂ 65 ವ್ಯಾಟಿಂದು, 5600ಜಿನೂ 65 ವ್ಯಾಟಿಂದು. ಎಸ್‌ಎಂಪಿಎಸ್, ಫ್ಯಾನ್ ಅವ ನಡಿತಾವ. ಬಯೋಸ್ ಇವತ್ತ ಮಾಡೋಣೇನು?

ತಂಗಿ: ಇವತ್ತ ಬ್ಯಾಡ್ರಿ. ಯುಪಿಎಸ್ ಬ್ಯಾಟರಿ ಐದು ನಿಮಿಷನೂ ತಡಿಯಂಗಿಲ್ಲ. ಮೊದಲು ಬ್ಯಾಟರಿ, ಆಮೇಲೆ ಫೈಲ್ ಕಾಪಿ, ಆಮೇಲೆ ಬಯೋಸ್, ಕಡೀಕ ಪ್ರೊಸೆಸರ್. ಅಲ್ಲಿ ತನಕ ಹಳೇದರ ಮ್ಯಾಲೆನ ವಿಮೆ ಅರ್ಜಿ ತುಂಬತೀನಿ. ಈಗ ನಿಮ್ಮದು ಎಷ್ಟಾತು ಹೇಳ್ರಿ.

ಅಣ್ಣ: ನಾನೇನು ಸಾಮಾನು ಹಾಕಿಲ್ಲಲ್ಲವ್ವಾ.

ತಂಗಿ: ಹಾಕದ ಉಳಿಸೀರಲ್ರಿ, ಅದಕ್ಕ ಕೊಡತೀನಿ. ಆದ್ರ ಬೋರ್ಡಿನ ರೊಕ್ಕದಷ್ಟು ಕೇಳಬ್ಯಾಡ್ರಿ ಮತ್ತ.